ಡೊಂಬಿವಲಿಗೆ ಒಂದೇ ಸಾಲು ಸಾಕು

ಶೆಟ್ರೇ, ನಿಮ್ಮ ಮಗಳು ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗ್ತಾಳಲ್ಲ, ನಿನ್ನೆ ಗೇಟಿನ ಹತ್ರ ಸಿಕ್ಕಿದ್ಲು. 'ಸೇವ್ ಮಾಡಿದ್ರೆ ಡುಪ್ಲಿಕೇಟ್ ಎಂಟ್ರಿ ಅಂತ ಬರ್ತದೆ ಅಂಕಲ್, ಆ ಯುನೀಕ್ ಕೀಯನ್ನೇ ತೆಗೆದುಬಿಡ್ತೇನೆ' ಅಂದ್ಲು. ಬೇಡ ಮಾರಾಯ್ತಿ ಅಂದೆ.

ಅವಳ ಪ್ರೋಗ್ರಾಮಿನಲ್ಲಿ ಸದಸ್ಯರ ಟೇಬಲ್ ಒಂದು, ಊರಿನ ಟೇಬಲ್ ಇನ್ನೊಂದು. ಊರಿನ ಪಿನ್‌ಕೋಡ್ ಯುನೀಕ್. ಡೊಂಬಿವಲಿ ಪೂರ್ವಕ್ಕೆ 421201. ಮೊದಲ ಸದಸ್ಯರು ಸೇವ್ ಆದ್ರು, ಜೊತೆಗೆ ಊರೂ ಸೇರಿತು. ಎರಡನೆಯವರೂ ಡೊಂಬಿವಲಿ ಪೂರ್ವದವರೇ. ಇವಳು ಅವರಿಗೂ ಊರಿನ ಹೊಸ ಆಬ್ಜೆಕ್ಟ್ ಮಾಡಿ, ಅದೇ ಪಿನ್‌ಕೋಡ್ ತುಂಬಿ ಸೇವ್ ಕೊಟ್ಟಳು. ಐಡಿ ಖಾಲಿ ಇದ್ದದ್ದರಿಂದ, ಆಬ್ಜೆಕ್ಟನ್ನು ಟೇಬಲ್ಲಿಗೆ ಬರೆಯೋ ಹೈಬರ್ನೇಟ್ ಅದನ್ನು ಹೊಸದು ಅಂತಲೇ ತಿಳೀತು. ಕ್ಯಾಸ್ಕೇಡ್ ಬೇರೆ ಇತ್ತು, ಸದಸ್ಯರ ಜೊತೆಗೇ ಊರಿಗೂ ಇನ್ಸರ್ಟ್ ಹೋಯ್ತು. ಮೈಎಸ್‌ಕ್ಯೂಎಲ್ ಡುಪ್ಲಿಕೇಟ್ ಎಂಟ್ರಿ, ಎರರ್ 1062 ಅಂತ ತಡೀತು. ತಡೆದದ್ದು ಸರಿಯೇ! ತಡೆಯದಿದ್ರೆ ಡೊಂಬಿವಲಿ ಟೇಬಲ್ಲಿನಲ್ಲಿ ಹತ್ತಾರು ಸಲ ಕೂತು, ಯಾವುದು ಯಾರದ್ದು ಅಂತ ಮುಂದೆ ಹುಡುಕುವವರ ಜೀವ ಹೋಗ್ತಿತ್ತು.

'ಈಕ್ವಲ್ಸ್, ಹ್ಯಾಶ್‌ಕೋಡ್ ಎರಡೂ ಬರೆದಿದ್ದೇನೆ' ಅಂತಾಳೆ. ಅವು ಮೆಮೊರಿಯ ಸೆಟ್‌ನೊಳಗೆ ಎರಡು ಆಬ್ಜೆಕ್ಟ್ ಒಂದೇ ಅಂತ ಹೇಳ್ತಾವೆ ಅಷ್ಟೆ, ಟೇಬಲ್ಲಿಗೆ ಹೋಗಿ ಹಳೇ ಸಾಲನ್ನು ತರೋದಿಲ್ಲ. ಅದನ್ನು ನಾವೇ ತರಬೇಕು ಅಂದೆ. ಮೊದಲು ಪಿನ್‌ಕೋಡ್ ಹಿಡಿದು ಹುಡುಕು, ಸಿಕ್ಕಿದ ಊರನ್ನೇ ಸದಸ್ಯರಿಗೆ ಜೋಡಿಸು, ಸಿಗದಿದ್ರೆ ಮಾತ್ರ ಹೊಸದು ಮಾಡಿ ಊರನ್ನು ಮೊದಲು ಸೇವ್ ಮಾಡು. ಎಲ್ಲ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ. ಆಮೇಲೆ ಊರಿನ ಕಡೆಗಿರೋ ಕ್ಯಾಸ್ಕೇಡ್ ಕಿತ್ತುಹಾಕು. ಒಬ್ಬ ಸದಸ್ಯ ಬಂದ, ಹೋದ ಅಂತ ಊರು ಹುಟ್ಟೋದೂ ಇಲ್ಲ, ಅಳಿಯೋದೂ ಇಲ್ಲ.

ಇಷ್ಟಾದ ಮೇಲೂ ಅದೇ ಎರರ್ ಬಂದ್ರೆ ಆ ಎರರಿನ ಸಾಲಿನ ಕೊನೆಯಲ್ಲಿರೋ ಕೀ ಹೆಸರು ಓದ್ಬೇಕು. ಅದು ಪಿನ್‌ಕೋಡಿನದ್ದಲ್ಲದೆ ಸದಸ್ಯರ ಟೇಬಲ್ಲಿನ ಊರು ಕಾಲಮ್ಮಿನದ್ದಾದ್ರೆ, ಮೆನಿ‌ಟು‌ಒನ್ ಇರಬೇಕಾದ ಕಡೆ ಒನ್‌ಟು‌ಒನ್ ಬರೆದಿರ್ತಾರೆ. ಆಗ ಹೈಬರ್ನೇಟ್ ಮಾಡಿಕೊಡೋ ಟೇಬಲ್ಲಿನಲ್ಲಿ ಊರಿಗೊಬ್ಬನೇ ಸದಸ್ಯ.

ಇನ್ನೊಂದುಂಟು. ಕಲ್ಯಾಣದಿಂದ ಇಬ್ಬರು ಒಂದೇ ಕ್ಷಣ ಫಾರ್ಮ್ ಕಳಿಸಿದ್ರೆ, ಇಬ್ಬರ ಕೋಡೂ ಹುಡುಕಿ, ಇಬ್ಬರಿಗೂ ಊರು ಸಿಗದೆ, ಇಬ್ಬರೂ ಇನ್ಸರ್ಟ್ ಮಾಡ್ತಾರೆ. ಆಗ ಕಾಪಾಡೋದು ಡೇಟಾಬೇಸಿನ ಯುನೀಕ್ ಕೀ ಮಾತ್ರ. ಸೋತವನ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗ್ಲಿ, ಹೊಸ ಟ್ರಾನ್ಸಾಕ್ಷನ್ನಿನಲ್ಲಿ ಮತ್ತೊಮ್ಮೆ ಹುಡುಕಿದ್ರೆ ಊರು ಸಿಗ್ತದೆ. ಹಾಗಾಗಿ ಆ ಕೀಯನ್ನು ಮಾತ್ರ ಮುಟ್ಟಬಾರದು ಶೆಟ್ರೇ, ನೀವೂ ಒಂದು ಮಾತು ಹೇಳಿ ಅವಳಿಗೆ.