ಫೆರರ್ ವಂಶದ ಕುಂದುರ್ಪಿ ಶಾಖೆ: ಕಾಲ, ದೇಶ, ಮತ ವಿಚಾರ

ಸ್ಪೇನ್ ದೇಶದ ಫೆರರ್ ಮನೆತನದ ಮೂಲಸ್ಥಾನ ಅನಂತಪುರ ಜಿಲ್ಲೆಯ ಕುಂದುರ್ಪಿ ಸೀಮೆಯೇ ಎಂಬುದನ್ನು ಈ ಪ್ರಬಂಧದಲ್ಲಿ ನಿರ್ವಿವಾದವಾಗಿ ಸಾಧಿಸಲಾಗುವುದು. ವಿವಾದ ಮಾಡುವವರು ಏಪ್ರಿಲ್ ಬಿಸಿಲಲ್ಲಿ ಕುಂದುರ್ಪಿ ದುರ್ಗ ಹತ್ತಿಳಿದು ಬಂದು ಮಾತಾಡಲಿ.

ಮೊದಲು ಕಾಲನಿರ್ಣಯ. ಒಂದನೆಯ ವಿನ್ಸೆಂಟ್ ಫೆರರ್ (1350–1419) ವೆಲೆನ್ಸಿಯಾದ ಸಂತ, ಊರೂರು ತಿರುಗಿದ ಪ್ರವಚನಕಾರ, ಪವಾಡಪುರುಷ. ಎರಡನೆಯ ವಿನ್ಸೆಂಟ್ ಫೆರರ್ (1920–2009) ಬಾರ್ಸಿಲೋನಾದಲ್ಲಿ ಹುಟ್ಟಿ, 1952ರಲ್ಲಿ ಜೆಸ್ಯೂಟ್ ಸಭೆಯವರಾಗಿ ಮುಂಬಯಿಗೆ ಬಂದು, ಅನಂತಪುರದಲ್ಲಿ ತೀರಿಕೊಂಡವರು. ಹೆಸರು ಒಂದೇ, ಪವಾಡದ ಮಾತೂ ಇಬ್ಬರ ಬೆನ್ನಿಗೂ ಅಂಟಿಕೊಂಡಿದೆ. ಆದ್ದರಿಂದ ಇಬ್ಬರೂ ಒಬ್ಬರೇ ಎಂದು ಪೂರ್ವಪಕ್ಷ. ನಡುವೆ ಐನೂರು ವರ್ಷ ಬಿಟ್ಟುಹೋಗಿದೆಯಲ್ಲ ಎಂದು ಆಕ್ಷೇಪ. ನಾಗವರ್ಮರು ಎಷ್ಟು ಮಂದಿ ಎಂದು ಎಣಿಸುತ್ತಲೇ ತಲೆ ನರೆಸಿಕೊಂಡ ನಮ್ಮ ವಿದ್ವತ್ ಪರಂಪರೆಗೆ ಐನೂರು ವರ್ಷ ಯಾವ ಲೆಕ್ಕ?

ಇನ್ನು ವಂಶದ ಉಳಿದ ಕವಲುಗಳು. ಪೋರ್ಟೊರಿಕೊದ ಹೊಸೆ ಫೆರರ್ ಉದ್ದ ಮೂಗಿನ ಸಿರಾನೊ ಪಾತ್ರ ಮಾಡಿ ಆಸ್ಕರ್ ಗೆದ್ದ. ಅದಕ್ಕೂ ಮುಂಚೆ, 1946ರಲ್ಲಿ, ಅದೇ ಪಾತ್ರವನ್ನು ಅವನು ರಂಗದ ಮೇಲೆ ಆಡಿದಾಗ ನಿರ್ದೇಶಕನಾಗಿದ್ದವನು ಮೆಲ್ ಫೆರರ್, ಮುಂದೆ ಆಡ್ರೆ ಹೆಪ್‌ಬರ್ನಳ ಗಂಡನಾದವನು. ಇವರಿಬ್ಬರೂ ನೆಂಟರಲ್ಲ ಎಂದು ಇತಿಹಾಸ ಹೇಳುತ್ತದೆ. ಒಬ್ಬ ಕುಣಿಸಿದ, ಒಬ್ಬ ಕುಣಿದ. ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಯಾವುದೆಂದು ಇತಿಹಾಸವೇ ಹೇಳಬೇಕು. ಕ್ಯೂಬಾದ ಗಾಯಕ ಇಬ್ರಾಹಿಂ ಫೆರರ್ ಹಾಡು ನಿಲ್ಲಿಸಿ ಬೂಟ್ ಪಾಲಿಶ್ ಮಾಡಿಕೊಂಡಿದ್ದಾಗ 1996ರಲ್ಲಿ ಯಾರೋ ಹುಡುಕಿಕೊಂಡು ಬಂದು ಮೈಕಿನ ಮುಂದೆ ನಿಲ್ಲಿಸಿದರು. 2000ದಲ್ಲಿ ಲ್ಯಾಟಿನ್ ಗ್ರ್ಯಾಮಿಯವರು ಎಪ್ಪತ್ತು ದಾಟಿದ ಆ ಮುದುಕನಿಗೆ ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಕೊಟ್ಟರು. (ನಮ್ಮ ಅಕಾಡೆಮಿಗಳ ಯುವ ಪುರಸ್ಕಾರದ ವಯೋಮಿತಿಯನ್ನು ಇದರ ಬೆಳಕಿನಲ್ಲಿ ಮರುಪರಿಶೀಲಿಸಬೇಕೆಂದು ಈ ಲೇಖಕನ ವಿನಂತಿ, ಲೇಖಕನಿಗೂ ಈಗ ವಯಸ್ಸಾಗಿದೆ.) ಫೆರರ್ ಎಂದರೆ ಕಮ್ಮಾರನಂತೆ. ಹಾಗಾದರೆ ಚಂದ್ರಶೇಖರ ಕಂಬಾರರೂ ಈ ವಂಶದವರೇ ಆಗಬೇಕು, ಜ್ಞಾನಪೀಠವೂ ಫೆರರರ ಖಾತೆಗೇ ಜಮಾ ಆಗಬೇಕು.

ಟೆನಿಸ್‌ನ ಡೇವಿಡ್ ಫೆರರ್ 2013ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ನಡಾಲ್ ಕೈಯಲ್ಲಿ ನೇರ ಸೆಟ್‌ಗಳಲ್ಲಿ ಸೋತದ್ದು ವಂಶಕ್ಕೆ ಕಳಂಕವೆನ್ನುವವರಿದ್ದಾರೆ. ಅಂಥವರು ಅನಂತಪುರದ ದಾಖಲೆ ನೋಡಿಲ್ಲ. ಅಲ್ಲಿ ನಡಾಲ್ ಹೆಸರಿನ ಟೆನಿಸ್ ಶಾಲೆ ಶುರುವಾದದ್ದು 2010ರಲ್ಲಿ, ಅದೂ ಎರಡನೆಯ ವಿನ್ಸೆಂಟ್ ಫೆರರ್ ಕಟ್ಟಿದ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಸಂಸ್ಥೆಯ ಅಂಗಳದಲ್ಲಿ. ಫೆರರ್ ಕಾಲಿಟ್ಟದ್ದು 1969ರಲ್ಲಿ. ನಲವತ್ತೊಂದು ವರ್ಷ ತಡವಾಗಿ ಕೋರ್ಟಿಗೆ ಬಂದವನನ್ನು ಗೆದ್ದವನೆಂದು ಹೇಗೆ ಒಪ್ಪುವುದು?

ಈಗ ದೇಶವಿಚಾರ. ಮಹಾರಾಷ್ಟ್ರದ ಮನ್ಮಾಡದಲ್ಲಿ ರೈತರಿಗೆ ಬಾವಿ ತೋಡಿಸುತ್ತಿದ್ದ ಫೆರರರನ್ನು 1968ರಲ್ಲಿ ದೇಶದಿಂದಲೇ ಕಳಿಸಿದರು. ರೈತರು ಸಾವಿರಗಟ್ಟಲೆ ಮುಂಬಯಿಗೆ ನಡೆದುಕೊಂಡೇ ಹೋಗಿ ಪ್ರತಿಭಟಿಸಿದರು. ಮರುವರ್ಷ ಅವರು ವಾಪಸು ಬಂದು ಬೇರೂರಿದ್ದು ಮಳೆ ಬೆನ್ನು ತಿರುಗಿಸಿದ, ಕಡ್ಲೆಕಾಯಿ ಬಿತ್ತಿ ಮೋಡ ನೋಡುವ ಈ ಜಿಲ್ಲೆಯಲ್ಲಿ. ನೀರಿರುವ ಊರುಗಳನ್ನೆಲ್ಲ ಬಿಟ್ಟು ಒಬ್ಬ ಮನುಷ್ಯ ಇಲ್ಲಿಗೇ ಬರುತ್ತಾನೆಂದರೆ ಅದು ಪೂರ್ವಿಕರ ಆಸ್ತಿ ಹುಡುಕಿಕೊಂಡು ಬಂದದ್ದಲ್ಲದೆ ಇನ್ನೇನು? ಪ್ರಮೇಯ ಸಿದ್ಧವಾಯಿತು.

ನಾಮಪದ್ಧತಿಯದೊಂದು ತೊಡಕಿದೆ. ಸ್ಪೇನಿನವರು ಅಪ್ಪನ ಮನೆಹೆಸರು, ಅಮ್ಮನ ಮನೆಹೆಸರು ಎರಡನ್ನೂ ಕೊನೆಗೆ ಹೊತ್ತು ತಿರುಗುತ್ತಾರೆ: ವಿಸೆಂಟೆ ಫೆರರ್ ಮೊಂಚೊ. ಈ ಕಡೆಯವರು ಊರು, ಮನೆ, ತಂದೆ ಎಲ್ಲವನ್ನೂ ಇನಿಶಿಯಲ್ ಮಾಡಿ ಮುಂದೆ ನಿಲ್ಲಿಸುತ್ತಾರೆ. ಆ ಪ್ರಕಾರ ರೇಷನ್ ಕಾರ್ಡಿನಲ್ಲಿ ಇವರು ಬಿ.ಎಫ್.ಎಂ. ವಿನ್ಸೆಂಟ್ ಆಗಬೇಕು. ಹಾಗೆ ಬರೆದರೆ ಕಲ್ಯಾಣದುರ್ಗದ ನಿವೃತ್ತ ಹೆಡ್‌ಮಾಸ್ತರರಂತೆಯೇ ಕಾಣುತ್ತದೆ. ಮಗನ ಹೆಸರು ಮೊಂಚೊ. ಅಜ್ಜಿಯ ಮನೆತನ ಮೊಮ್ಮಗನಿಗೆ ಬರುವ ಈ ಕ್ರಮ ಸ್ಪೇನಿನದೋ ಕುಂದುರ್ಪಿಯದೋ ಎಂಬುದನ್ನು ಓದುಗರೇ ಊಹಿಸಲಿ.

ಕೊನೆಗೆ ಕ್ಷೇತ್ರಕಾರ್ಯ. ಆರ್‌ಡಿಟಿ ಕಟ್ಟಿಸಿಕೊಟ್ಟ ಮನೆಯೊಂದರ ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು ಫೆರರ್ ಮನೆತನದ ಬಗ್ಗೆ ವಿಚಾರಿಸಲಾಯಿತು.

“ಆ ಹೆಸ್ರಿನೋರು ನಮ್ ಸೀಮೇಲೇ ಇಲ್ಲ ಸಾಮಿ.”

ಫೋಟೊ ತೋರಿಸಲಾಯಿತು.

“ಇವ್ರು ಫಾದರು! ಹಂಗೆ ಕೇಳ್ಬಾರ್ದಾ?”

ಇಲ್ಲಿ ಮತವಿಚಾರ ಎದ್ದಿತು. ಅವರು 1970ರಲ್ಲೇ ಜೆಸ್ಯೂಟ್ ಸಭೆ ಬಿಟ್ಟು, ಪತ್ರಕರ್ತೆಯಾಗಿದ್ದ ಆ್ಯನ್ ಪೆರಿಯವರನ್ನು ಮದುವೆಯಾದವರು; ಆದ್ದರಿಂದ ಫಾದರ್ ಎನ್ನುವುದು ಶಾಸ್ತ್ರಸಮ್ಮತವಲ್ಲ ಎಂದು ವಿವರಿಸಿದೆ. “ಮಕ್ಳೆಷ್ಟು?” ಎಂದರು ಅಜ್ಜಿ. ಮೂರು ಎಂದೆ. “ಮತ್ತೆ ಫಾದರಲ್ದೆ ಇನ್ನೇನು?” ಎಂದು ಸಿಪ್ಪೆ ಝಾಡಿಸಿ ಒಳಗೆ ಹೋಗಿ ಮನೆಯ ಪತ್ರ ತಂದರು. ಆರ್‌ಡಿಟಿಯವರು ಮನೆಯನ್ನು ಹೆಂಗಸರ ಹೆಸರಿಗೇ ಬರೆಸುತ್ತಾರೆ. ಕಾಗದದ ಮೇಲೆ ಬೆರಳಿಟ್ಟು, “ಇದು ನನ್ನ ಹೆಸ್ರು. ನಮ್ಮೆಜಮಾನ್ರದಲ್ಲ” ಎಂದರು. ಫೆರರ್ ಎಂಬ ಅಕ್ಷರ ಅದರಲ್ಲಿ ಎಲ್ಲೂ ಇರಲಿಲ್ಲ. ಹೀಗಾಗಿ ಆ ಪತ್ರವನ್ನು ಆಕರವಾಗಿ ಪರಿಗಣಿಸಿಲ್ಲ.

“ನಿಮ್ಮನೆ ಹೆಸ್ರೇನು?” ಎಂದು ಅಜ್ಜಿ ಕೇಳಿದರು. ಹೇಳಿದೆ.

“ಆ ಹೆಸ್ರಲ್ಲಿ ನಾಕು ಜನಕ್ಕೆ ಬೇಕಾದೋರು ಯಾರಾದ್ರೂ ಅವ್ರಾ?”

ಈ ಪ್ರಶ್ನೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.