ಜನವರಿ 31ರ ಭಾವ

ಎಳ್ಳುಬೆಲ್ಲ ಕೊಟ್ಟು ನಮ್ಮ ಭಾವನಿಂದ ಒಳ್ಳೆ ಮಾತು ನಿರೀಕ್ಷಿಸಬೇಡಿ. ಬಾಯಿಗೆ ಹಾಕಿಕೊಂಡು ‘ಇನ್ನು ಹದಿನೇಳೇ ದಿನ’ ಅನ್ನುತ್ತಾರೆ. ಯಾತಕ್ಕೆ ಅಂತ ಕೇಳುವವರು ಹೊಸಬರು. ಅಮೆರಿಕದ ಧಣಿಗಳೆಲ್ಲ ನೌಕರರಿಗೆ ವರ್ಷದ ಸಂಬಳ-ತೆರಿಗೆ ಲೆಕ್ಕದ ಚೀಟಿಯಾದ ಡಬ್ಲ್ಯು-2 ಕೊಟ್ಟು, ಸೋಷಿಯಲ್ ಸೆಕ್ಯುರಿಟಿಯವರಿಗೂ ಒಪ್ಪಿಸಬೇಕಾದ ಗಡುವು ಜನವರಿ 31. ಆ ಲೆಕ್ಕ ಹಾಕುವ ಪೇರೋಲ್ ಸಾಫ್ಟ್‌ವೇರನ್ನು ವಾಷಿಂಗ್ಟನ್ನಿನ ಮರ್ಜಿಗೆ ತಕ್ಕಂತೆ ತಿದ್ದುವವರು ಬೆಂಗಳೂರಿನ ನಮ್ಮ ಭಾವ.

ಸೋಷಿಯಲ್ ಸೆಕ್ಯುರಿಟಿಗೆ ಹೋಗುವ ಫೈಲಿನಲ್ಲಿ ಸಾಲಿಗೆ ಸರಿಯಾಗಿ 512 ಅಕ್ಷರ. ಖಾಲಿ ಜಾಗವೂ ಅಕ್ಷರವೇ. ಕನ್ನಡಕ ಹಣೆಗೇರಿಸಿ, ಪೆನ್ಸಿಲ್ ತುದಿಯನ್ನು ಪರದೆಗೆ ತಾಗಿಸಿ ‘ಏನೂ ಇಲ್ಲದ್ದನ್ನು’ ಎಣಿಸುತ್ತಾರೆ. ನಡುವೆ ಅಕ್ಕ ಕಾಫಿ ತಂದರೆ ಮತ್ತೆ ಒಂದರಿಂದ.

2020ರಲ್ಲಿ, ಸಂಬಳದಲ್ಲಿ ತೆರಿಗೆ ಎಷ್ಟು ಹಿಡಿಯಬೇಕೆಂದು ತಿಳಿಯಲು ನೌಕರರು ತುಂಬಿಕೊಡುವ ಡಬ್ಲ್ಯು-4 ನಮೂನೆಯ ರೂಪವೇ ಬದಲಾಯಿತು. ಹಳೇ ನೌಕರರು ಹಳೆಯದರಲ್ಲೇ ಇರಬಹುದು ಅಂತಲೂ ಅಪ್ಪಣೆಯಾಯಿತು. ಒಂದೇ ಅಡಿಗೆಮನೆ, ಎರಡು ಒಲೆ. ಭಾವ ಎರಡಕ್ಕೂ ಉರಿ ಹಾಕುತ್ತಲೇ ಇದ್ದಾರೆ.

ಆದರೆ 2025ರ ಜುಲೈ 4 ಅವರ ಕೂದಲು ಬಿಳುಪಾದ ದಿನ. ಅಲ್ಲಿ ಪಟಾಕಿ, ಇಲ್ಲಿ ಹೊಸ ತೆರಿಗೆ ಕಾನೂನು. ಸಹಿ ಜುಲೈನಲ್ಲಿ, ಓವರ್‌ಟೈಮ್ ವಿನಾಯಿತಿ ಜನವರಿ 1ರಿಂದಲೇ! ಅದೂ ಒಂದೂವರೆ ಪಟ್ಟು ಕೂಲಿಯಲ್ಲಿ ಆ ಅರ್ಧಕ್ಕೆ ಮಾತ್ರ. ಆರು ತಿಂಗಳ ಅರ್ಧವನ್ನು ಎಲ್ಲಿಂದ ಹೆಕ್ಕುವುದು ಅಂತ ಭಾವ ನಿದ್ದೆಗೆಟ್ಟು ಕೋಡ್ ಬರೆಯಲು ಕೂತರು. ಆಗಸ್ಟಿನಲ್ಲಿ ತೆರಿಗೆ ಇಲಾಖೆ, ಈ ವರ್ಷ ಡಬ್ಲ್ಯು-2 ಬದಲಾಯಿಸುವುದಿಲ್ಲ ಅಂದಿತು. ನಾವು ಬಚಾವಾದಿರಿ ಅಂದೆವು. ಅವರ ಮುಖ ನೋಡಿದರೆ, ಎಲೆ ಹಾಕಿದ ಮೇಲೆ ಊಟವಿಲ್ಲ ಅಂದಂತಿತ್ತು. 2026ಕ್ಕೆ ಡಬ್ಲ್ಯು-2ರ 12ನೇ ಬಾಕ್ಸಿನಲ್ಲಿ ಓವರ್‌ಟೈಮಿಗೆ ಟಿಟಿ ಎಂಬ ಸಂಕೇತ ಬಂದ ಮೇಲೇ ಚೇತರಿಸಿಕೊಂಡರು.

ಅಕ್ಕನ ಪೇರೋಲ್ ಅಡಿಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿದೆ. ಹಾಲಿಗೆ ಗೀಟು, ಕೆಲಸದವಳು ಬಾರದ ದಿನಕ್ಕೆ ಸೊನ್ನೆ. ಸೊನ್ನೆ ಎಷ್ಟಿದ್ದರೂ ಸಂಬಳ ಅಷ್ಟೇ. ಇಪ್ಪತ್ತು ವರ್ಷದಿಂದ ಒಂದೇ ವರ್ಷನ್ನು.

ಮೊನ್ನೆ ದೀಪಾವಳಿಗೆ ಕೆಲಸದವಳಿಗೆ ಬೋನಸ್ ಕೊಟ್ಟೆ ಅಂದಳು ಅಕ್ಕ. ಪರದೆಯಿಂದ ಕಣ್ಣು ಕೀಳದೆ ಭಾವ ಕೇಳಿದರು: ‘ಯಾವ ಬಾಕ್ಸಿಗೆ ಹಾಕಿದೆ?’

‘ಸೀರೆ ಬಾಕ್ಸಿಗೇ ರೀ. ಇನ್ಯಾವ ಬಾಕ್ಸಿಗೆ ಹಾಕ್ತಾರೆ?’