ಊರವರು ಉಣ್ಣುವ ಜಾಗ

ನಮ್ಮ ಭಾವನ ಜೊತೆ ಬೇರೆ ಊರಿಗೆ ಹೊರಡುವವರು ಮನೆಯಲ್ಲೇ ಹೊಟ್ಟೆ ತುಂಬ ಉಂಡು ಹೊರಡಬೇಕು. ಇದು ನನ್ನ ಮಾತಲ್ಲ, ಅವರ ಜೊತೆ ಮೂವತ್ತೆಂಟು ವರ್ಷ ಏಗಿದ ನಮ್ಮ ಅಕ್ಕನ ಮಾತು. ಭಾವ ಜಿಪುಣರೇನಲ್ಲ, ತಿಂಡಿಪೋತರೂ ಅಲ್ಲ. ಮೈಸೂರಿನ ಖಜಾನೆಯಲ್ಲಿ ಬಿಲ್ಲು ಪಾಸು ಮಾಡಿ ನಿವೃತ್ತರಾದವರು. ಆಕ್ಷೇಪಣೆ ಹಾಕದೆ ಒಂದು ಬಿಲ್ಲನ್ನೂ ಮೇಲಕ್ಕೆ ಕಳಿಸಿದವರಲ್ಲ. ಈಗ ಬಿಲ್ಲುಗಳಿಲ್ಲ, ಹೋಟೆಲುಗಳಿವೆ.

ಯಾವ ಊರಲ್ಲಿ ರೈಲಿಳಿದರೂ ಅವರ ಬಾಯಿಂದ ಬರುವ ಮೊದಲ ಮಾತು ಒಂದೇ. “ಊರವರು ಊಟ ಮಾಡೋ ಜಾಗ ಹುಡುಕ್ಬೇಕು ಕಣೋ. ಬಾಯಿಗೂ ರುಚಿ ಇರ್ಬೇಕು, ಜೇಬಿಗೂ ಹಗುರ ಇರ್ಬೇಕು.” ಅಷ್ಟು ಹೇಳಿ, ಒಗ್ಗರಣೆಯ ಘಮ ಬಿಟ್ಟು ಎದುರಿನಿಂದಲೇ ಕರೆಯುತ್ತಿರುವ ಹೋಟೆಲಿಗೆ ಬೆನ್ನು ಹಾಕಿ ನಡೆದುಬಿಡುತ್ತಾರೆ. ಅವರ ಹಿಂದೆ ಸೂಟ್‌ಕೇಸು ಎಳೆದುಕೊಂಡು ನಾನು, ನನ್ನ ಹಿಂದೆ ಮಂಡಿನೋವಿನ ಅಕ್ಕ.

ಸ್ಟೇಷನ್ ಎದುರಿನ ಹೋಟೆಲು ಯಾಕೆ ಬೇಡವೆಂದರೆ, ಆಕ್ಷೇಪಣೆ ನಂಬರ್ ಒಂದು: “ಬಂದ ಗಿರಾಕಿ ಮತ್ತೆ ಬರೋಲ್ಲ ಅಂತ ಗೊತ್ತಿರೋನು ಸಾರಿಗೆ ಯಾಕೆ ಬೇಳೆ ಹಾಕ್ತಾನೆ?” ನಂಬರ್ ಎರಡು: ದೋಸೆ, ನೂಡಲ್ಸು, ಪನೀರು ಮೂರೂ ಒಂದೇ ಬೋರ್ಡಿನಲ್ಲಿದ್ದರೆ ಆ ಅಡುಗೆಮನೆಗೆ ಮೂರೂ ಬರುವುದಿಲ್ಲ. ನಂಬರ್ ಮೂರು: ಮೆನು ಕಾರ್ಡಿನಲ್ಲಿ ತಿಂಡಿಯ ಫೋಟೊ ಇದ್ದರೆ ಫೋಟೊದ ಖರ್ಚೂ ನಮ್ಮ ತಲೆಗೇ. ಭಾವನಿಗೆ ಬೇಕಾದದ್ದು ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ, ಗಲ್ಲಾದಲ್ಲಿ ಖುದ್ದು ಯಜಮಾನ, ಅವನ ತಲೆಯ ಮೇಲೆ ಹಾರ ಹಾಕಿದ ಅವನಪ್ಪನ ಫೋಟೊ. ಇಂಥದ್ದು ಕೋರ್ಟಿನ ಹಿಂದೆಯೋ, ತಾಲ್ಲೂಕು ಕಚೇರಿಯ ಪಕ್ಕವೋ, ಕಾಲೇಜಿನ ಸಂದಿಯಲ್ಲೋ ಸಿಗಬೇಕು. ಅಲ್ಲಿ ದಿನಾ ಉಣ್ಣುವವರೇ ಬರುವುದು. ರೇಟು ಏರಿಸಿದರೆ ನಾಳೆ ಬರುವುದಿಲ್ಲ, ಸೋಡಾಪುಡಿ ಸುರಿದರೆ ನಾಡಿದ್ದು ಬರುವುದಿಲ್ಲ.

ಮೊಬೈಲಿನ ನಕ್ಷತ್ರಗಳಿಗೂ ಭಾವ ತಮ್ಮದೇ ಪಂಚಾಂಗ ಬರೆದುಕೊಂಡಿದ್ದಾರೆ. “ಐದು ಕೊಟ್ಟೋನು ಮಾಲೀಕನ ಭಾಮೈದ. ಒಂದು ಕೊಟ್ಟೋನು ಪಕ್ಕದ ಹೋಟೆಲಿನ ಮಾಲೀಕ. ಮೂರು ಕೊಟ್ಟೋನೇ ನಿಜವಾಗಿ ಉಂಡೋನು.” ಈ ಮೂರು ಕೊಟ್ಟವರನ್ನು ಹುಡುಕಿ, ಕನ್ನಡಕ ಹಣೆಗೇರಿಸಿ ಓದುವಷ್ಟರಲ್ಲಿ ಗಂಟೆ ಎರಡು. ಲಾಡ್ಜಿನ ಕೌಂಟರಿನಲ್ಲಿ ವಿಚಾರಿಸುವಂತಿಲ್ಲ, ಅಲ್ಲಿ ಕಮಿಷನ್ ಇರುತ್ತದೆ. ಮೆಡಿಕಲ್ ಶಾಪಿನವನನ್ನು ಕೇಳಬಹುದು. “ಹೊಟ್ಟೆ ಕೆಟ್ಟೋರು ಯಾವ ಹೋಟೆಲಿಂದ ಎದ್ದು ಬರ್ತಾರೆ ಅಂತ ಅವನಿಗೆ ಗೊತ್ತಿರುತ್ತೆ.”

ಶೋಧ ಮುಗಿಯುವುದು ಸಾಮಾನ್ಯವಾಗಿ ಮೂರಕ್ಕೆ. ಮೂರು ಅಂದರೆ ಹೋಟೆಲುಗಳ ಯಮಗಂಡಕಾಲ. ಊಟ ಮುಗಿದಿರುತ್ತದೆ, ತಿಂಡಿ ಶುರುವಾಗಿರುವುದಿಲ್ಲ, ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿರುತ್ತವೆ. “ನೋಡಿದ್ಯಾ, ಎಲ್ಲಾ ಖಾಲಿ! ಎಷ್ಟು ಚೆನ್ನಾಗಿದ್ದಿರಬೇಕು!” ಎಂದು ಭಾವ ಬೀಗುತ್ತಾರೆ. ಅಕ್ಕ ಚೀಲದಿಂದ ಬಾಳೆಹಣ್ಣು ತೆಗೆಯುತ್ತಾಳೆ.

ಪೂರ್ತಿ ಸೋಲುವವರಾಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದರು. ಅಪರೂಪಕ್ಕೆ ಗೆಲ್ಲುತ್ತಾರೆ, ಅದೇ ಕಷ್ಟ.

ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮುದುಕರೊಬ್ಬರನ್ನು ಹಿಡಿದು, “ಯಜಮಾನ್ರೇ, ಇಲ್ಲಿ ಊರವರು ಎಲ್ಲಿ ಊಟ ಮಾಡ್ತಾರೆ?” ಅಂದರು. ಮುದುಕರು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮನ್ಯಾಗ್ರೀ” ಅಂದರು. “ಉಡಾಫೆ!” ಎಂದು ಗೊಣಗುತ್ತ ಭಾವ ಮುಂದಿನ ಓಣಿಗೆ ತಿರುಗಿದರು. ಅಲ್ಲಿ ಖಾನಾವಳಿ ಸಿಕ್ಕೇಬಿಟ್ಟಿತು. ತಿಂಗಳ ಲೆಕ್ಕದಲ್ಲಿ ದುಡ್ಡು ಕಟ್ಟಿ ಉಣ್ಣುವ ಹುಡುಗರು, ಗುಮಾಸ್ತರು. ಪಲ್ಯ ಕೆಟ್ಟರೆ ಮುಂದಿನ ತಿಂಗಳ ದುಡ್ಡು ಬೇರೆ ಖಾನಾವಳಿಗೆ. ಹೆಂಚಿನಿಂದ ಆಗ ತಾನೇ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. “ಇನ್ನೊಂದು ಹಾಕಿಸ್ಕೊಳ್ರಿ ಅಕ್ಕಾರ” ಎಂಬ ಜುಲುಮೆ ಬೇರೆ. ಅಕ್ಕ ನಾಲ್ಕನೇ ರೊಟ್ಟಿ ಮುರಿಯುತ್ತಿದ್ದಾಗ ಭಾವನ ಮುಖದಲ್ಲಿ ಕಂಡ ತೃಪ್ತಿ ಅವರ ಮಗಳ ಮದುವೆಯಲ್ಲೂ ನನಗೆ ಕಂಡಿರಲಿಲ್ಲ. ಆ ಒಂದು ಊಟದ ಋಣವನ್ನು ನಾವು ಆಮೇಲಿನ ಊರೂರುಗಳಲ್ಲಿ ಉಪವಾಸವಿದ್ದು ತೀರಿಸಿದೆವು.

ಕೋಲ್ಕತ್ತದಲ್ಲಿ ಭಾವನಿಗೆ ಸ್ವರ್ಗವೇ ಸಿಕ್ಕಿತು. ಅಲ್ಲಿ ‘ಪೈಸ್ ಹೋಟೆಲ್’ ಎಂಬ ಹಳೇ ಜಾತಿಯ ಊಟದ ಮನೆಗಳಿವೆ. ರೂಪಾಯಿಗೆ 64 ಪೈಸೆ ಇದ್ದ ಕಾಲದ ಹೆಸರು ಅದು. ಅಲ್ಲಿ ಅನ್ನಕ್ಕೆ ಬೇರೆ, ಬೇಳೆಗೆ ಬೇರೆ, ಕೊನೆಗೆ ಬಾಳೆಲೆಗೂ ನಿಂಬೆಹೋಳಿಗೂ ಬೇರೆ ಬೇರೆ ಲೆಕ್ಕ. ಬಾಬಿನ ಪ್ರಕಾರ ವಿಂಗಡಿಸಿದ ಬಿಲ್ಲನ್ನು ನೋಡಿ ಭಾವನ ಕಣ್ಣು ತುಂಬಿ ಬಂತು. ಗಸಗಸೆ ಅರೆದು ಹಾಕಿದ ಆಲೂಗಡ್ಡೆಯನ್ನು ಎರಡು ಸಲ ಹಾಕಿಸಿಕೊಂಡರು. ಅಕ್ಕ ಮಾತ್ರ ಎದುರು ಎಲೆಯ ಮೀನಿನ ತಲೆ ತನ್ನನ್ನೇ ದಿಟ್ಟಿಸುತ್ತಿದೆ ಅಂತ, ಬೇಳೆ ಅನ್ನವನ್ನು ಕಣ್ಣು ಮುಚ್ಚಿಕೊಂಡು ಉಂಡಳು.

ಮುಂಬಯಿಯಲ್ಲಿ ನಾನು ಧೈರ್ಯ ಮಾಡಿದೆ. “ಭಾವ, ಮಾಟುಂಗಾ ಸ್ಟೇಷನ್ ಪಕ್ಕ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ಊಟ ಹಾಕ್ತಿದ್ದಾರೆ. ಬಾಳೆಲೆ, ಅನ್ನ, ಸಾರು. ಸುಮ್ಮನೆ ಹೋಗೋಣ.”

“ಸ್ಟೇಷನ್ ಪಕ್ಕ!” ಅಂದರು ಭಾವ. ಆಕ್ಷೇಪಣೆ ನಂಬರ್ ಒಂದು. “ಅಲ್ದೆ, ಇಷ್ಟು ದೂರ ಬಂದು ಉಡುಪಿ ಊಟವೇನೋ?”

“ಎಂಬತ್ತು ವರ್ಷದ ಮೇಲಾಯ್ತು ಭಾವ, ಇನ್ನೂ ಊರವರಾಗಿಲ್ವೇ ಅವರು?”

ನನ್ನ ಸಮಜಾಯಿಷಿ ಅಂಗೀಕಾರವಾಗಲಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಚರ್ಚ್‌ಗೇಟಿನ ಹೊರಗೆ ನಿಂತೆವು. ಪಕ್ಕದಲ್ಲಿ ಟ್ಯಾಕ್ಸಿ ನಿಲ್ಲಿಸಿಕೊಂಡು ಡ್ರೈವರು ತನ್ನ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ಭಾವ ತಮ್ಮ ಖಜಾನೆಯ ಹಿಂದಿಯಲ್ಲಿ ಕೇಳಿದರು: “ಇಧರ್ ಲೋಕಲ್ ಆದ್ಮಿ ಖಾನಾ ಕಿಧರ್ ಖಾತಾ?” ಬಾಯಿ ತುಂಬ ಚಪಾತಿ ಇದ್ದ ಡ್ರೈವರು ಗದ್ದದಿಂದ ರಸ್ತೆಯ ಆಚೆ ತೋರಿಸಿದ. ಅಲ್ಲಿ ಬಿಳಿ ಟೋಪಿಯ ಆಳೊಬ್ಬ ತಲೆಯ ಮೇಲೆ ಮಾರುದ್ದದ ಮರದ ತಟ್ಟೆ ಹೊತ್ತು ಓಡುತ್ತಿದ್ದ. ತಟ್ಟೆಯ ತುಂಬ ಊಟದ ಡಬ್ಬಿಗಳು.

“ಅವನ ಹಿಂದೆ ನಡೀರಿ!” ಎಂದು ಭಾವ ಓಡಿದರು.

ಅರವತ್ತೈದು ದಾಟಿದ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿಲ್ಲ. ಡಬ್ಬಾವಾಲಾನಿಗೆ ಬಸ್ಸು ದಾರಿ ಬಿಟ್ಟಿತು, ಭಾವನಿಗೆ ಹಾರ್ನು ಹೊಡೆಯಿತು. ಒಂದು ವೃತ್ತ, ಎರಡು ಗಲ್ಲಿ ದಾಟಿ ತಟ್ಟೆ ಒಂದು ದೊಡ್ಡ ಕಚೇರಿಯ ಕಟ್ಟಡಕ್ಕೆ ನುಗ್ಗಿ ಲಿಫ್ಟಿನಲ್ಲಿ ಮಾಯವಾಯಿತು. ಕಾವಲುಗಾರ ಕೈ ಅಡ್ಡ ಹಿಡಿದ. “ಇಲ್ಲಿ ಕೆಲಸ ಮಾಡೋರಿಗೆ ಮಾತ್ರ.”

ಏದುಸಿರು ಬಿಡುತ್ತಿದ್ದ ಭಾವನಿಗೆ ನಾನು ವಿವರಿಸಿದೆ. ಆ ತಟ್ಟೆಯಲ್ಲಿದ್ದದ್ದು ಯಾವ ಹೋಟೆಲಿನ ಊಟವೂ ಅಲ್ಲ. ಒಂದೊಂದು ಡಬ್ಬಿಯೂ ಒಂದೊಂದು ಮನೆಯದು. ಮುಚ್ಚಳದ ಮೇಲಿನ ಬಣ್ಣದ ಗುರುತು ಯಾವ ಸ್ಟೇಷನ್ನು, ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ಹೇಳುತ್ತದೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಶುರುಮಾಡಿದ ಕೆಲಸ ಇದು. ಈ ಊರಿನ ಎಷ್ಟೋ ಜನ ಆಫೀಸಿನಲ್ಲಿ ಕೂತು ಉಣ್ಣುವುದು ಮನೆಯ ಊಟವನ್ನೇ.

ಅಕ್ಕ ಕಟ್ಟಡದ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. “ನೀವೇನು ಕಮ್ಮೀನೆ? ಮೂವತ್ತು ವರ್ಷ ಹುಳಿಯನ್ನ, ಪಲ್ಯ, ಮೊಸರನ್ನ ಕ್ಯಾರಿಯರಿಗೆ ತುಂಬಿ ಕಳಿಸಿದೀನಿ. ಒಂದು ದಿನ ಹೊರಗೆ ತಿಂದೋರಲ್ಲ. ಊರವರು ಎಲ್ಲಿ ಉಣ್ತಾರೆ ಅಂತ ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ಬೇಕು?”

ಭಾವ ಆಕ್ಷೇಪಣೆ ಎತ್ತಲಿಲ್ಲ. ಮೂಲೆಯ ಗಾಡಿಯಲ್ಲಿ ನಿಂತುಕೊಂಡೇ ಮೂವರೂ ವಡಾಪಾವ್ ತಿಂದೆವು. ಬಿಸಿಯಾಗಿತ್ತು, ಅಗ್ಗವಾಗಿತ್ತು, ಸುತ್ತ ನಿಂತು ತಿನ್ನುತ್ತಿದ್ದವರೆಲ್ಲ ಊರವರೇ. ಅದು ಭಾವನಿಗೆ ಹೊಳೆದದ್ದು ರಾತ್ರಿ ಲಾಡ್ಜಿನಲ್ಲಿ, ಮಲಗಿದ ಮೇಲೆ.

ಮೊನ್ನೆ ಭಾವನ ಜೊತೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಎಳೇ ಬದನೆಕಾಯಿ ಯಾರ ಗುಡ್ಡೆಯಲ್ಲಿದೆ, ವೀಳ್ಯದೆಲೆ ಯಾರ ಹತ್ತಿರ ಕೊಳ್ಳಬೇಕು, ಭಾವನಿಗೆ ಎಲ್ಲ ಗೊತ್ತು. ಹೂವಿನ ಸಾಲಿನಲ್ಲಿ ಒಬ್ಬರು ಅಡ್ಡ ಬಂದರು. ಮಾತಿನಲ್ಲೇ ಹುಬ್ಬಳ್ಳಿ ಕಡೆಯವರು ಅಂತ ತಿಳಿಯಿತು. “ಯಜಮಾನ್ರ, ಇಲ್ಲೆ ಊರ ಮಂದಿ ಎಲ್ಲಿ ಉಣ್ತಾರ್ರೀ?”

ಭಾವ ಬಾಯಿ ತೆರೆದರು, ಮುಚ್ಚಿದರು. ಹುಟ್ಟಿ ಬೆಳೆದ ಊರು. ಹೇಳಲು ಒಂದು ಹೋಟೆಲೂ ನೆನಪಾಗಲಿಲ್ಲ. ಕೊನೆಗೆ ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ, “ಮನೇಲಿ” ಅಂದರು.

ಆ ಮನುಷ್ಯ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೋ ಗೊಣಗಿ ಹೊರಟ. “ಸ್ಟೇಷನ್ ಎದುರಿನದಕ್ಕೆ ಮಾತ್ರ ಹೋಗ್ಬೇಡಿ!” ಎಂದು ಭಾವ ಹಿಂದಿನಿಂದ ಕೂಗಿದರು. ಅವನ ಹಿಂದೆ ಸೂಟ್‌ಕೇಸು ಎಳೆಯುತ್ತ ಒಬ್ಬ ಹುಡುಗ. ಹುಡುಗನ ಹಿಂದೆ ಬರುತ್ತಿದ್ದ ಹೆಂಗಸು ಆಗಲೇ ಚೀಲದಿಂದ ಬಾಳೆಹಣ್ಣು ತೆಗೆಯುತ್ತಿದ್ದಳು.